ಸಂಜೆ ಊರಿಗೊಂದು ಹಲ್ಲು

ಪಾರ್ಸೆಲ್ ಮತ್ತೆ ವಾಪಸ್ ಬಂದಿತ್ತು.

ಒಂದು ಸಲ ಬಂದರೆ ಸರಿ, ಮನುಷ್ಯರ ಕೈಕೆಲಸ, ಹೆಚ್ಚುಕಮ್ಮಿ ಆಗುತ್ತೆ. ಎರಡನೇ ಸಲ ಬಂದಾಗಲೂ ಅವಳು ಸಿಟ್ಟು ನುಂಗಿಕೊಂಡು ಹೊಸದು ಮಾಡಿ ಕಳಿಸಿದ್ದಳು. ಇದು ಮೂರನೇ ಸಲ. ಪುಟ್ಟ ಡಬ್ಬಿ, ಅದರೊಳಗೆ ಹತ್ತಿ, ಹತ್ತಿಯ ಮೇಲೆ ಅವಳೇ ಮಾಡಿದ ಮುಂಭಾಗದ ಹಲ್ಲಿನ ಕ್ಯಾಪು. ಜೊತೆಗೊಂದು ಚೀಟಿ: 'ಬಣ್ಣ ಹೊಂದ್ತಾ ಇಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ.'

ಬೇಜಾರು ಮಾಡ್ಕೋಬಾರದಂತೆ! ಬೇಜಾರಲ್ಲ ಸ್ವಾಮಿ, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಕೆಲಸ ಹಲ್ಲು ಮಾಡುವುದು. ಊರೂರಿನ ಕ್ಲಿನಿಕ್ಕುಗಳಿಂದ ಬಾಯಿಯ ಅಚ್ಚು ಬರುತ್ತೆ, ಹಲ್ಲಿನ ಬಣ್ಣದ ನಂಬರ್ ಬರುತ್ತೆ. ಅವಳು ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಕೂದಲಿನಷ್ಟು ಸಣ್ಣ ಕುಂಚದಲ್ಲಿ ಪದರ ಪದರವಾಗಿ ಕೂರಿಸಿ, ಸುಟ್ಟು, ಉಜ್ಜಿ, ದೇವರು ಕೊಟ್ಟ ಹಲ್ಲಿನ ಪಕ್ಕದಲ್ಲಿ ನಿಲ್ಲಿಸಿದರೆ ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಮಾಡಿಕೊಡುತ್ತಾಳೆ. ಲ್ಯಾಬು ಸೋದರಮಾವನದು. ಅವಳ ಮೇಜು ಮಾತ್ರ ಅವಳದೇ. ಪೂರ್ವದ ಕಿಟಕಿಗೆ ಅಂಟಿಕೊಂಡ ಮೇಜು. ಬೆಳಗಿನ ಬಿಸಿಲು ನೇರವಾಗಿ ಕುಂಚದ ತುದಿಗೆ ಬೀಳಬೇಕು. ಆ ಜಾಗದಲ್ಲಿ ಬೇರೆ ಯಾರಾದರೂ ಕಾಫಿ ಲೋಟ ಇಟ್ಟರೂ ಜಗಳ. ಮಾವ ಸುಮ್ಮನೆ ಅವಳಿಗೆ ಸಿಡುಕಿ ಅಂತ ಹೆಸರಿಟ್ಟಿರಲಿಲ್ಲ.

"ಸಿಡುಕೀ, ಆ ಕ್ಲಿನಿಕ್ಕಿನ ಸಹವಾಸ ಸಾಕು," ಅಂದರು ಮಾವ, ಡಬ್ಬಿ ನೋಡಿ. "ಈ ತಿಂಗಳಿಗೆ ಕೈಬಿಟ್ಟುಬಿಡೋಣ. ಒಂದು ಹಲ್ಲಿಗೆ ಇಷ್ಟು ರಾಮಾಯಣ ಯಾರಿಗೆ ಬೇಕು?"

ಕೈಬಿಡುವುದೇ? ಆಮೇಲೆ ಯಾವ ನೆಪದಲ್ಲಿ ಆ ಮನುಷ್ಯನಿಗೆ ಫೋನ್ ಮಾಡಿ ಬೈಯುವುದು?

ಹೌದು, ವಿಷಯ ಅದೇ. ಆ ಕ್ಲಿನಿಕ್ಕಿನ ಡಾಕ್ಟರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಆದರೆ ದಿನಕ್ಕೊಂದು ಸಲ ಕಾಣದಿದ್ದರೆ ಇನ್ನೂ ಆಗುತ್ತಿರಲಿಲ್ಲ.

ಅವನ ಊರು ಸಮುದ್ರದಾಚೆ, ಬಲು ದೂರದಲ್ಲಿತ್ತು. ಇಲ್ಲಿ ದೀಪ ಹಾಕುವ ಹೊತ್ತಿಗೆ ಅಲ್ಲಿ ನಡು ಮಧ್ಯಾಹ್ನ. ಇಲ್ಲಿ ಬೆಳಗಾದರೆ ಅಲ್ಲಿ ನಡುರಾತ್ರಿ. ಗಡಿಯಾರದ ವ್ಯತ್ಯಾಸವೊಂದೇ ಆಗಿದ್ದರೆ ಹಾಳಾಗಿ ಹೋಗಲಿ, ಲೆಕ್ಕ ಹಾಕಿಕೊಂಡು ಬದುಕಬಹುದಿತ್ತು. ಊರಿನ ಗುಣವೇ ಬೇರೆಯಲ್ಲವೇ! ಅವಳ ಊರು ಸೂರ್ಯನಿಗಿಂತ ಮುಂಚೆ ಏಳುವ ಊರು. ಬಿಸಿಲೇರುವಷ್ಟರಲ್ಲಿ ಅರ್ಧ ದಿನದ ಕೆಲಸ ಮುಗಿದಿರುತ್ತೆ. ಹೊತ್ತು ಮುಳುಗಿದರೆ ಬಾಗಿಲಿಗೆ ಚಿಲಕ. ಮಾತೂ ಹಾಗೆಯೇ. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ, ಮುಖಕ್ಕೇ. ಅವನ ಊರಿನಲ್ಲಿ ಮಧ್ಯಾಹ್ನದವರೆಗೂ ಅಂಗಡಿಗಳ ಷಟರ್ ಏಳುವುದಿಲ್ಲವಂತೆ. ಬ್ಯಾಂಕಿನವರು ಕೂಡ ಆಕಳಿಸುತ್ತಲೇ ಬಾಗಿಲು ತೆಗೆಯುತ್ತಾರಂತೆ. ಜನ ಬೀದಿಗಿಳಿಯುವುದೇ ದೀಪ ಹತ್ತಿದ ಮೇಲೆ. ಏನು ಕೇಳಿದರೂ ಒಂದೇ ಉತ್ತರ, "ನೋಡೋಣ." ಆ ಪದ ಕೇಳಿದರೆ ಅವಳಿಗೆ ಫೋನನ್ನೇ ಗೋಡೆಗೆ ಎಸೆಯುವಷ್ಟು ಕೋಪ ಬರುತ್ತಿತ್ತು.

ಅವತ್ತು ಸಂಜೆ ಅವಳೇ ವೀಡಿಯೊ ಕಾಲ್ ಮಾಡಿದಳು. ಅವನು ಆಗಷ್ಟೇ ಎದ್ದಿದ್ದ. ಕೂದಲು ನಾಲ್ಕು ದಿಕ್ಕಿಗೆ ನಿಂತಿತ್ತು. ಒಂದು ಕಣ್ಣು ಪೂರ್ತಿ ತೆರೆದಿತ್ತು, ಇನ್ನೊಂದು ಇನ್ನೂ ಯೋಚನೆ ಮಾಡುತ್ತಿತ್ತು.

"ಗುಡ್ ಮಾರ್ನಿಂಗ್ ಮೇಡಂ," ಅಂದ.

"ಮಾರ್ನಿಂಗಾ? ನಾಚಿಕೆ ಆಗಲ್ವೇನ್ರೀ? ನಿಮ್ಮೂರಲ್ಲೂ ಈಗ ಊಟದ ಹೊತ್ತು!"

"ಎದ್ದಾಗ ತಾನೇ ಬೆಳಗಾಗೋದು?" ಅಂತ ನಕ್ಕ. ಕೆಳಸಾಲಿನಲ್ಲಿ ಅವನದೊಂದು ಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿ ನಿಂತಂತಿತ್ತು. ಎಷ್ಟೋ ಬಾಯಿ ನೋಡಿದವಳು ಅವಳು. ಇದೊಂದನ್ನು ಮಾತ್ರ ಸರಿಮಾಡಬೇಕು ಅಂತ ಅವಳಿಗೆ ಅನಿಸಿರಲಿಲ್ಲ. ಅದೂ ಒಂದು ಸಿಟ್ಟಿನ ವಿಷಯವೇ. "ಸಿಟ್ಟಾದಾಗ ನಿಮ್ಮ ಎಡಗಡೆ ಹುಬ್ಬು ಮೇಲೆ ಹೋಗುತ್ತೆ, ಗೊತ್ತಾ? ಇವತ್ತು ಇನ್ನೂ ಸ್ವಲ್ಪ ಮೇಲಿದೆ."

"ವಿಷಯಕ್ಕೆ ಬನ್ನಿ. ಹಲ್ಲಿಗೆ ಏನಾಗಿದೆ?"

"ಹಲ್ಲು ತುಂಬಾ ಚೆನ್ನಾಗಿದೆ. ಆದ್ರೆ ಹೊಂದ್ತಿಲ್ಲ."

"ಬಣ್ಣ ನೋಡಿದ್ದು ಯಾವಾಗ? ದೀಪದ ಬೆಳಕಲ್ಲಿ ತಾನೇ? ಬೆಳಗಿನ ಬಿಸಿಲಲ್ಲಿ ನೋಡಿ ಅಂತ ಬಾಯಿ ಬಡ್ಕೊಂಡೆ!"

"ಬೆಳಗ್ಗೆ ನಮ್ಮೂರಲ್ಲಿ ಯಾರೂ ಬಾಯಿ ತೆಗೆಯಲ್ಲ ಮೇಡಂ. ಆಕಳಿಕೆಗೆ ಬಿಟ್ರೆ." ಆಮೇಲೆ ಕೈಯಲ್ಲಿದ್ದ ಕಾಫಿ ಲೋಟದ ಅಂಚನ್ನೇ ನೋಡುತ್ತಾ ಅಂದ: "ನೀವೇ ಇಲ್ಲಿಗೆ ಬಂದುಬಿಡಿ. ಒಂದಷ್ಟು ದಿನ ಇದ್ದು ನೋಡಿ. ಊರು ಹಿಡಿಸುತ್ತೆ. ಹಿಡಿಸಿದ್ರೆ..."

ಅವಳು ಟಪ್ಪನೆ ಫೋನ್ ಇಟ್ಟಳು.

ಹಿಡಿಸಿದರೆ ಏನು? ಇದ್ದುಬಿಡಬೇಕಾ? ಇವಳ ಮೇಜು, ಇವಳ ಕಿಟಕಿ, ಇವಳ ಬೆಳಗು, ಎಲ್ಲ ಬಿಟ್ಟು ಆ ನಿದ್ದೆಗಣ್ಣಿನ ಊರಿಗೆ ಹೋಗಿ ಕೂರಬೇಕಾ? ಅವನು ಬರುತ್ತೇನೆ ಅಂತ ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ದಾನಾ?

ಮನೆಗೆ ಹೋಗಿ ಅಕ್ಕನ ಹತ್ತಿರ ಕುದಿದಳು. ಅಕ್ಕ ಬಟ್ಟೆ ಮಡಿಸುತ್ತಾ, "ಅಯ್ಯೋ, ಅವನು ಚೆನ್ನಾಗಿದ್ರೆ ಹೋಗೇ. ಎಲ್ಲಾ ಕಡೆ ಹುಡುಗಿ ತಾನೇ ಹೋಗೋದು?" ಅಂದಳು.

"ಯಾಕೆ? ಹುಡುಗರ ಕಾಲಿಗೆ ಏನಾಗಿದೆ?"

ಅಕ್ಕ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದಳು. ಒಳಗಿಂದ ಭಾವ ಸಣ್ಣಗೆ ಕೆಮ್ಮಿದರು.

ಮಾರನೇ ದಿನ ಅವಳು ಮಾವನಿಗೆ ಹೇಳಿಬಿಟ್ಟಳು. "ಆ ಹಲ್ಲನ್ನ ನಾನೇ ತಗೊಂಡು ಹೋಗ್ತೀನಿ. ಅವರ ಊರಲ್ಲೇ, ಬೆಳಗಿನ ಬಿಸಿಲಲ್ಲೇ ಕೂರಿಸಿ ತೋರಿಸ್ತೀನಿ. ನನ್ನ ಕೆಲಸಕ್ಕೆ ಹೆಸರು ಕೆಡಿಸ್ಕೊಂಡು ಕೂರೋಕಾಗಲ್ಲ."

ಮಾವ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಹಲ್ಲಿಗೋಸ್ಕರಾನಾ?" ಅಂದರು.

"ಮತ್ಯಾತಕ್ಕೆ?" ಅಂತ ಅವಳು ಎಷ್ಟು ಜೋರಾಗಿ ಕೇಳಿದಳೆಂದರೆ, ಮಾವ ಕೂಡಲೇ ರಜೆ ಕೊಟ್ಟರು.

ವಿಮಾನ ಇಳಿದಾಗ ಅಲ್ಲಿ ಬೆಳಗಿನ ಎಂಟು ಗಂಟೆ. ಕರೆದುಕೊಂಡು ಹೋಗಲು ಬರುತ್ತೇನೆ ಅಂದಿದ್ದ. ಹೊರಬಾಗಿಲಲ್ಲಿ ಕತ್ತು ಉದ್ದ ಮಾಡಿ ನೋಡಿದಳು. ಎಲ್ಲಿಯೂ ಇಲ್ಲ. ಬಂದ ಸಿಟ್ಟಿಗೆ ಬ್ಯಾಗಿನ ಹಿಡಿಯೇ ಕಿತ್ತು ಬರುವ ಹಾಗೆ ಎಳೆದುಕೊಂಡು ಹೊರಟವಳು ಬೆಂಚಿನ ಹತ್ತಿರ ಗಕ್ಕನೆ ನಿಂತಳು. ಯಾರೋ ಒಬ್ಬ ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ಜಗತ್ತಿನ ಪರಿವೆಯಿಲ್ಲದೆ ನಿದ್ದೆ ಹೊಡೆಯುತ್ತಿದ್ದ. ಕೆಳಸಾಲಿನ ಆ ಹಲ್ಲು, ಪಕ್ಕದ್ದರ ಹೆಗಲ ಮೇಲೆ ಕೈ ಹಾಕಿದ ಹಲ್ಲು, ಅವಳಿಗೆ ಅಲ್ಲೇ ಕಂಡಿತು.

ಮುಖಕ್ಕಿಂತ ಮೊದಲು ಹಲ್ಲಿನಿಂದ ಒಬ್ಬನನ್ನು ಗುರುತು ಹಿಡಿದದ್ದಕ್ಕೆ ಅವಳಿಗೆ ಎಷ್ಟು ನಾಚಿಕೆಯಾಯಿತೋ! ಸ್ವಲ್ಪ ಹೊತ್ತು ಎಬ್ಬಿಸದೆ ನೋಡುತ್ತಾ ನಿಂತಳು. ಫೋನಿನಲ್ಲಿ ಕಾಣುವುದಕ್ಕಿಂತ ಎತ್ತರವಿದ್ದ. ಕಿವಿಯ ಹಿಂದೆ ಒಂದು ಮಚ್ಚೆ ಇತ್ತು. ಅದನ್ನು ಫೋನು ಇಷ್ಟು ದಿನ ಬಚ್ಚಿಟ್ಟಿತ್ತು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಕೂತಿತ್ತು.

"ಡಾಕ್ಟ್ರೇ!"

ಬೆಚ್ಚಿ ಎದ್ದ. "ಇಲ್ಲ, ನಿದ್ದೆ ಮಾಡಿಲ್ಲ. ರಾತ್ರಿಯೆಲ್ಲ ಎಚ್ಚರ ಇದ್ದೆ. ಮಲಗಿದ್ರೆ ಏಳಲ್ಲ ಅಂತ ಕ್ಲಿನಿಕ್ ಮುಚ್ಚಿ ನೇರ ಇಲ್ಲಿಗೇ ಬಂದೆ. ಈಗಷ್ಟೇ..." ಕಣ್ಣುಜ್ಜಿಕೊಂಡು ಅವಳನ್ನು ನೋಡಿದ. "ನೀವು ಫೋನಲ್ಲಿ ಇರೋ ಹಾಗೇ ಇದೀರಿ. ಹುಬ್ಬೂ ಅಲ್ಲೇ ಇದೆ."

"ಗುಂಡಿ ಸರಿ ಹಾಕ್ಕೊಳ್ಳಿ," ಅಂದಳು. ಅವಳ ಕಿವಿ ಕೆಂಪಾಗಿತ್ತು.

ಊರೋ, ಊರು! ದಾರಿಯುದ್ದಕ್ಕೂ ಒಂದು ನರಪಿಳ್ಳೆ ಇಲ್ಲ. ಅಷ್ಟು ಒಳ್ಳೆಯ ಬಿಸಿಲು ಖಾಲಿ ರಸ್ತೆಯ ಮೇಲೆ ದಂಡವಾಗಿ ಬಿದ್ದಿತ್ತು. ಒಂದು ಲೋಟ ಕಾಫಿ ಬೇಕೆಂದರೆ ಒಂದು ಅಂಗಡಿ ತೆರೆದಿಲ್ಲ. ಅವಳು ಬೈದಳು, ಅವನು ತಲೆಯಾಡಿಸಿದ. ಕೊನೆಗೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವನೇ ಕಾಫಿ ಮಾಡಿಕೊಟ್ಟ. ಹಾಳಾದ್ದು, ಚೆನ್ನಾಗಿತ್ತು.

"ಪೇಷೆಂಟ್ ಎಲ್ಲಿ?"

"ಎಬ್ಬಿಸ್ಕೊಂಡು ಬರ್ತೀನಿ."

ಎಬ್ಬಿಸಿಕೊಂಡು ಬಂದದ್ದು ಅವನ ಅಮ್ಮನನ್ನು! ಮೈಮೇಲೆ ಶಾಲು, ಕಣ್ಣಲ್ಲಿ ಅರ್ಧ ನಿದ್ದೆ, ಮುಂದಿನ ಒಂದು ಹಲ್ಲಿನ ಜಾಗದಲ್ಲಿ ತಾತ್ಕಾಲಿಕವಾಗಿ ಕೂರಿಸಿದ ಒಂದು ತುಂಡು. ಆಕೆ ಎದುರಿನ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದರು.

"ನಿಮ್ಮಮ್ಮ ಅಂತ ಯಾಕ್ರೀ ಹೇಳಲಿಲ್ಲ?"

"ಹೇಳಿದ್ರೆ ಮುಲಾಜಿಗೆ ಬಿದ್ದು ಬೈಯೋದು ಕಡಿಮೆ ಮಾಡ್ತಿದ್ರಿ," ಅಂದ. "ಅದು ನಂಗೆ ನಷ್ಟ."

ಅವಳು ಕೇಳಿಸದವಳ ಹಾಗೆ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದಳು. ಕ್ಯಾಪು ಕೂರಿಸಿ, ಪರದೆ ಪೂರ್ತಿ ಸರಿಸಿ, ಕನ್ನಡಿ ಕೈಗೆ ಕೊಟ್ಟಳು. ಬಿಸಿಲಿನಲ್ಲಿ ಹೊಸ ಹಲ್ಲು, ಹಳೇ ಹಲ್ಲು, ಒಂದೇ ತಾಯಿಯ ಮಕ್ಕಳು. ಕೂದಲೆಳೆಯಷ್ಟು ಭೇದವಿಲ್ಲ.

"ಈಗ ಹೇಳಿ!" ಅಂತ ಸೊಂಟಕ್ಕೆ ಕೈಯಿಟ್ಟಳು. "ಮೂರು ಸಲ ವಾಪಸ್ ಕಳಿಸಿದ್ರಲ್ಲ, ಎಲ್ಲಿದೆ ತಪ್ಪು?"

"ತಪ್ಪೇ ಇಲ್ಲ," ಅಂದ ಅವನು. "ಸಂಜೆವರೆಗೂ ಇರ್ತೀರಾ?"

"ಯಾಕೆ? ಸಂಜೆ ಹಲ್ಲು ಬದಲಾಗುತ್ತಾ?"

ಅಮ್ಮ ಕನ್ನಡಿ ಕೆಳಗಿಟ್ಟು ಆಕಳಿಸಿದರು. "ಈ ಹೊತ್ತಲ್ಲಿ ನನ್ನ ಮುಖ ನೋಡೋರು ಯಾರಮ್ಮ? ನಮ್ಮೆಜಮಾನ್ರು ಬದುಕಿದ್ದಾಗ ಅವರೇ ನೋಡಿರಲಿಲ್ಲ." ಅಷ್ಟು ಹೇಳಿ ಮನೆಗೆ ಹೋಗಿ ಮಲಗಿದರು.

ಸಂಜೆಯಾಯಿತು. ಅವಳ ಊರಿನಲ್ಲಾಗಿದ್ದರೆ ಬಾಗಿಲು ಮುಚ್ಚುವ ಹೊತ್ತು. ಇಲ್ಲಿ ಒಂದೊಂದೇ ದೀಪ ಹತ್ತಿದ ಹಾಗೆ ಮನೆಗಳಿಂದ ಜನ ಹೊರಬಿದ್ದರು. ಮುದುಕರು ಕುರ್ಚಿ ಎಳೆದು ಬೀದಿಯಲ್ಲೇ ಕೂತರು. ಬೆಳಗ್ಗೆ ಹೆಣದಂತೆ ಬಿದ್ದಿದ್ದ ರಸ್ತೆ ಈಗ ಮಾತು, ನಗು, ಸೈಕಲ್ ಗಂಟೆ. ಎಲ್ಲ ಕಡೆ ಹಳದಿ ಬಲ್ಬು. ಮುಖ ತಿಳಿಯದವರೂ ಅವಳನ್ನು ನೋಡಿ ನಕ್ಕರು. ಈ ಊರು ಇಷ್ಟು ಚೆನ್ನಾಗಿ ಕಾಣಬಾರದಾಗಿತ್ತು, ಅವಳಿಗೆ ಅದಕ್ಕೂ ಸಿಟ್ಟು.

ಟಿಕೆಟ್ ಕಿಟಕಿಯ ಒಳಗೆ, ಬಲ್ಬಿನ ಕೆಳಗೆ, ಅಮ್ಮ ಕೂತಿದ್ದರು. ಯಾರೋ ಏನೋ ತಮಾಷೆ ಮಾಡಿದರು. ಅಮ್ಮ ನಕ್ಕರು.

ಅವಳು ನೋಡಿದಳು. ಹಳದಿ ಬೆಳಕಿನಲ್ಲಿ ಉಳಿದ ಹಲ್ಲೆಲ್ಲ ಮೆಲ್ಲಗೆ ಹಳದಿಗೆ ತಿರುಗಿದ್ದವು. ಅವಳ ಪಿಂಗಾಣಿ ಹಲ್ಲೊಂದು ಮಾತ್ರ ಆ ಬೆಳಕು ಹೀರದೆ, ಹಳೇ ಗೋಡೆಗೆ ಒಂದೇ ಕಡೆ ಸುಣ್ಣ ಬಳಿದ ಹಾಗೆ, ಬೆಳ್ಳಗೆ ಎದ್ದು ಕಾಣುತ್ತಿತ್ತು. ಟಿಕೆಟ್ ಕೊಂಡವನ ಕಣ್ಣು ಸೀದಾ ಅಲ್ಲಿಗೇ ಹೋಯಿತು. ಅಮ್ಮ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು.

ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು.

"ನೀವು ಕೊಟ್ಟ ಬಣ್ಣದ ನಂಬರ್ ನಾನು ಹಾಕಲೇ ಇಲ್ಲ," ಅಂದಳು, ಅವನ ಕಡೆ ನೋಡದೆ. "ದೀಪದಲ್ಲಿ ನೋಡಿದ್ದು ಹಳದಿ ಹೊಡೆದಿರುತ್ತೆ ಅಂತ ಮೂರು ಸಲಾನೂ ನಾನೇ ಬಿಳಿ ಮಾಡ್ದೆ. ನಿಮಗೆ ಹೇಳದೆ."

"ಅಂದ್ಕೊಂಡೆ."

"ಅಂದ್ಕೊಂಡ್ರಾ? ಮತ್ತೆ ಕೇಳಬಾರದಾಗಿತ್ತಾ? ಬೈಯಬಾರದಾಗಿತ್ತಾ? ಮೂರು ತಿಂಗಳು ನಿಮ್ಮಮ್ಮ ಬಾಯಿ ಮುಚ್ಕೊಂಡು ನಕ್ಕಿದಾರಲ್ರೀ!"

"ಬೆಳಗಿನ ಬಿಸಿಲಲ್ಲಿ ನೀವು ಮಾಡಿದ್ದೇ ಸರಿ ಇತ್ತು. ಮತ್ತೆ ಯಾವ ಬಾಯಲ್ಲಿ ಬೈಯಲಿ?"

"ಬೈಯ್ರಿ ಮೊದ್ಲು!"

"ನೋಡೋಣ," ಅಂದ. ಅವಳು ಅವನ ತೋಳಿಗೆ ಒಂದು ಕೊಟ್ಟಳು, ಜೋರಾಗಿಯೇ.

ಸಿನಿಮಾ ಶುರುವಾದ ಮೇಲೆ ಟಿಕೆಟ್ ಕಿಟಕಿಗೆ ಕೆಲಸವಿರಲಿಲ್ಲ. ಅಮ್ಮ ಕ್ಲಿನಿಕ್ಕಿಗೆ ಬಂದು ಬಲ್ಬಿನ ಕೆಳಗೆ ಕೂತರು. ಅವಳು ಬ್ಯಾಗಿನಿಂದ ಬಣ್ಣ, ಕುಂಚ ತೆಗೆದಳು. ಕ್ಲಿನಿಕ್ಕಿನಲ್ಲಿ ಹಲ್ಲು ಸುಡುವ ಪುಟ್ಟ ಓವನ್ ಇತ್ತು. ಬಿಸಿಲಿಲ್ಲದೆ ಅವಳು ಎಂದೂ ಕುಂಚ ಹಿಡಿದವಳಲ್ಲ. ಎತ್ತಿದ ಕುಂಚವನ್ನು ಮತ್ತೆ ಕೆಳಗಿಟ್ಟಳು. ಅವನು ಮೇಜಿನ ದೀಪವನ್ನು ಎತ್ತಿ ಅವಳಿಗೆ ಬೇಕಾದ ಕಡೆ ಹಿಡಿದ. ಅವಳು ಕತ್ತು ಓರೆ ಮಾಡಿದರೆ ದೀಪವೂ ಓರೆಯಾಗುತ್ತಿತ್ತು. ಒಮ್ಮೆ ತಲೆಯೆತ್ತಿದಾಗ ಅವನು ಹಲ್ಲನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಅವಳು ಕುಂಚದಿಂದಲೇ ಹಲ್ಲಿನ ಕಡೆ ತೋರಿಸಿದಳು. ಅವನು ನಕ್ಕು ಅತ್ತ ನೋಡಿದ. ಅವಳು ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು.

ಒಂದು ಹನಿ ಜೇನುಬಣ್ಣ, ಬುಡಕ್ಕೆ ಅದಕ್ಕಿಂತ ತೆಳು ಕಂದು. ಸುಟ್ಟು, ಆರಿಸಿ, ಕೂರಿಸಿದರು. ಅಮ್ಮ ಕನ್ನಡಿ ನೋಡಿಕೊಂಡರು. ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕು, ಅವಳ ಗಲ್ಲ ಹಿಡಿದು ಅಲ್ಲಾಡಿಸಿ, ಮುಂದಿನ ಆಟಕ್ಕೆ ಹೊತ್ತಾಯಿತೆಂದು ಹೊರಟರು.

ಅವಳೂ ಅವನೂ ಹಿಂದೆಯೇ ಬೀದಿಗಿಳಿದರು. ಕಿಟಕಿಯ ಮುಂದೆ ಆಗಲೇ ಸಾಲು ನಿಂತಿತ್ತು.

"ಇಲ್ಲೇ ಇದ್ದುಬಿಡಿ," ಅಂದ ಅವನು, ಮೆಲ್ಲಗೆ.

ಅಷ್ಟೇ. ಇಷ್ಟು ಹೊತ್ತು ತಣ್ಣಗಾಗಿದ್ದ ಅವಳು ಒಮ್ಮೆಲೇ ಹೊತ್ತಿಕೊಂಡಳು.

"ಯಾಕಿರಬೇಕು? ನಿಮ್ಮ ಕ್ಲಿನಿಕ್ಕು ಬೇರು ಬಿಟ್ಟಿದೆ, ನನ್ನ ಕಿಟಕಿ ಮಾತ್ರ ಗಂಟು ಕಟ್ಟಿ ತರೋ ಸಾಮಾನಾ? ಅಕ್ಕನೂ ಅದನ್ನೇ ಹೇಳ್ತಾಳೆ, ನೀವೂ ಅದನ್ನೇ ಹೇಳ್ತೀರಿ. ನಾನು ನನ್ನ ಬೆಳಗನ್ನ ಬಿಟ್ಟು ಬರಬೇಕು, ನೀವು ನಿಮ್ಮ ನಿದ್ದೆ ಕೂಡ ಬಿಡಲ್ಲ! ಒಂದು ಸಲ, ಒಂದೇ ಒಂದು ಸಲ ನಾನು ಬರ್ತೀನಿ ಅಂದ್ರಾ ನೀವು?"

ಸಾಲಿನಲ್ಲಿದ್ದವರು ತಿರುಗಿ ನೋಡಿದರು.

ಅವನು ಈ ಸಲ ನಗಲಿಲ್ಲ. "ಇಲ್ಲೇ ಇರಿ ಅಂದದ್ದು ತಪ್ಪು," ಅಂದ. "ಭಯ ಇತ್ತು, ಅದಕ್ಕೆ ನಂಗೆ ಸುಲಭವಾದದ್ದನ್ನೇ ಕೇಳಿದೆ. ಆದ್ರೆ ಒಂದು ಮಾತು ಹೇಳ್ತೀನಿ, ಫೋನ್ ಇಡೋ ಹಾಗಿಲ್ಲ. ನಿಮ್ಮೂರಲ್ಲಿ ಸಂಜೆ ಹೊತ್ತು ಹಲ್ಲು ನೋವು ಬಂದ್ರೆ ಜನ ಏನ್ಮಾಡ್ತಾರೆ?"

"ಬೆಳಗಾಗೋ ತನಕ ಒದ್ದಾಡ್ತಾರೆ. ಡಾಕ್ಟ್ರೆಲ್ಲ ಮಲಗಿರ್ತಾರಲ್ಲ."

"ನಾನು ಮಲಗಿರಲ್ಲ. ಅಲ್ಲೊಂದು ರಾತ್ರಿ ಕ್ಲಿನಿಕ್ ತೆಗೀಬಹುದು. ಇದನ್ನ ಯಾವಾಗಲೋ ಯೋಚನೆ ಮಾಡಿಟ್ಟಿದೀನಿ. ಅಮ್ಮನ್ನೂ ಕೇಳಿದೀನಿ."

"ನಾನೂ ನನ್ನ ತಂಗೀನೂ ಆರಾಮಾಗಿ ಇರ್ತೀವಿ," ಅಂತ ಕಿಟಕಿಯೊಳಗಿಂದ ಅಮ್ಮ ಟಿಕೆಟ್ ಹರಿಯುತ್ತಲೇ ಕೂಗಿದರು. "ಇವನಿದ್ರೆ ನಮ್ಮಿಬ್ಬರಿಗೂ ಒಂದು ಕೆಲಸ ಜಾಸ್ತಿ!"

"ಮತ್ತೆ ಯಾಕ್ರೀ ಹೇಳಲಿಲ್ಲ?" ಅವಳು ಅವನ ಕಡೆ ತಿರುಗಿದಳು.

"ನೀವು ಕರೀಲಿಲ್ಲ," ಅಂದ ಅವನು. "ಮುಖಕ್ಕೆ ಹೇಳೋ ಊರು ನಮ್ಮದು ಅಂತ ದಿನಾ ಹೇಳ್ತೀರಿ. ನಂಗೆ ಒಂದು ದಿನ ಬನ್ನಿ ಅಂದಿದೀರಾ? ಕರೀದೇ ಇರೋ ಮನೆಗೆ ಹೇಗೆ ನುಗ್ಗಲಿ?"

ಹೌದಲ್ಲ! ಹಲ್ಲಿನ ಬಗ್ಗೆ ಬೈದಿದ್ದಳು, ನಿದ್ದೆಯ ಬಗ್ಗೆ ಬೈದಿದ್ದಳು, ಊರಿನ ಬಗ್ಗೆ, ಕೂದಲಿನ ಬಗ್ಗೆ, ಗುಂಡಿಯ ಬಗ್ಗೆ. ಆ ಒಂದು ಮಾತನ್ನು ಮಾತ್ರ ಅವನೇ ಹೇಳಲಿ ಅಂತ ಕಾದಿದ್ದಳು. ಕರೆದರೂ ಅವನು ಬರದಿದ್ದರೆ ಅನ್ನುವ ಹೆದರಿಕೆಗೆ ಇಷ್ಟು ದಿನ ಸಿಟ್ಟಿನ ಅಂಗಿ ತೊಡಿಸಿ ತಿರುಗಾಡಿಸಿದ್ದಳು. ಈಗ ಸಿಟ್ಟು ಬಂತು, ತನ್ನ ಮೇಲೆಯೇ.

"ಬನ್ನಿ," ಅಂದಳು. ಧ್ವನಿ ಸಣ್ಣದಾಗಿ ಬಂತು. ಅದು ಅವಳಿಗೆ ಹಿಡಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. "ನಮ್ಮೂರಿಗೆ ಬನ್ನಿ. ನನ್ನ ಜೊತೆ ಇರಿ. ನಂಗೆ ನೀವು ಬೇಕು. ನೀವಿಲ್ಲದೆ ನಂಗೆ ಒಂದು ದಿನಾನೂ ಸರಿ ಹೋಗಲ್ಲ. ಸಾಕಾ?"

"ಬರ್ತೀನಿ," ಅಂದ. ಯೋಚನೆ ಮಾಡದೆ, ತಡಮಾಡದೆ, ಕಣ್ಣಲ್ಲಿ ಕಣ್ಣಿಟ್ಟು. "ನಿಮ್ಮನ್ನ ಪ್ರೀತಿಸ್ತೀನಿ. ಬರ್ತೀನಿ."

ಅವಳಿಗೆ ಅಳು ನುಗ್ಗಿ ಬಂತು. "ಇಷ್ಟು ಬೇಗ ಒಪ್ಕೊಂಡ್ರೆ ನಾನು ಯಾವುದಕ್ಕೆ ಜಗಳ ಆಡಲಿ?" ಅಂತ ಅಳುತ್ತಲೇ ರೇಗಿದಳು. ಮುಂದೆ ಒಂದೇ ಮನೆಯಲ್ಲಿ ಇವಳು ಏಳುವಾಗ ಅವನು ಮಲಗುತ್ತಾನೆ, ಅವನು ಹೊರಡುವಾಗ ಇವಳು ಆಕಳಿಸುತ್ತಾಳೆ, ಇದನ್ನೆಲ್ಲ ಯಾರು ಸರಿಮಾಡುವುದು ಅಂತಲೂ ಕೇಳಿದಳು. ಅವನು ಅವಳ ಕೈ ಹಿಡಿದುಕೊಂಡ. ಪಿಂಗಾಣಿಯ ಬಿಳಿ ಪುಡಿ ಇನ್ನೂ ಅವಳ ಬೆರಳ ಸಂದಿಯಲ್ಲಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ.

ಟಿಕೆಟ್ ಸಾಲು ಅಲ್ಲಾಡದೆ ನಿಂತಿತ್ತು. ಒಬ್ಬಾಕೆ ಕತ್ತು ಚಾಚಿ ನೋಡುತ್ತಿದ್ದರು. ಇನ್ನೊಬ್ಬ ಹೆಂಡತಿಗೆ ಮೊಣಕೈಯಿಂದ ತಿವಿದು ತೋರಿಸುತ್ತಿದ್ದ.

ಅವಳು ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದಳು.

"ಏನ್ರೀ ಹಾಗೆ ನೋಡ್ತಿದೀರಿ? ನಾವಿಬ್ರೂ ಮದುವೆ ಆಗ್ತಾ ಇದೀವಿ. ಮುಂದೆ ನಡೀರಿ, ಸಿನಿಮಾ ಶುರುವಾಗುತ್ತೆ!"

ಮದುವೆಯ ಸುದ್ದಿ ಅವನಿಗೂ ಆಗಷ್ಟೇ ಗೊತ್ತಾದದ್ದು.